ಹೆಜ್ಜೆ ಸಪ್ಪಳಕ್ಕೆ ಜೀರುಂಡೆ ಸುಮ್ಮನಾಗುವುದೇಕೆ

ಭೂಮಿ ಇನ್ನೂ ಹಸಿ ಆರದ ಮಡಕೆಯ ಹಾಗಿದ್ದ ಕಾಲ. ಆಗ ಮಾತು ಸಾಗಿಸಲು ಗಾಳಿಯ ಬಳಿ ಇದ್ದದ್ದು ಮೂರೇ ದಾರಿ. ಮರದ ತುದಿಯ ದಾರಿಯನ್ನು ಗೊರವಂಕಕ್ಕೆ ಕೊಟ್ಟಿತು. ಪೊದೆಯ ದಾರಿ ಟುವ್ವಿಹಕ್ಕಿಗೆ, ಹುಲ್ಲಿನ ದಾರಿ ಕಪ್ಪೆಗೆ. ಒಂದು ದಾರಿಯಲ್ಲಿ ಕೂಗಿದ್ದು ಇನ್ನೊಂದು ದಾರಿಯಲ್ಲಿ ಕೂತವರಿಗೆ ಕೇಳಿಸುತ್ತಲೇ ಇರಲಿಲ್ಲ.

ಜೀರುಂಡೆಗಳು ಬಂದದ್ದು ತಡವಾಗಿ. ಗಾಳಿ ತಲೆ ಕೆರೆದುಕೊಂಡು, ಆ ಮೂರು ದಾರಿಗಳ ಯಜಮಾನರು ಸುಮ್ಮನಿದ್ದಾಗ ಯಾವ ದಾರಿಯಲ್ಲಾದರೂ ಕೂಗಿಕೊಳ್ಳಿ, ಅವರು ಬಂದರೆ ಬಾಯಿ ಮುಚ್ಚಿ ಅಂದಿತು.

ಚಿಗರವ್ವ ಎಂಬ ಜೀರುಂಡೆಯ ಹೊಟ್ಟೆ ತುಂಬ ಮೊಟ್ಟೆ. ಒದ್ದೆ ಮಣ್ಣಿನಲ್ಲಿಡಬೇಕು, ನೆಲವೋ ದಿನೇದಿನೇ ಒಣಗುತ್ತಿದೆ. ಒದ್ದೆ ಜಾಗ ಹುಡುಕಿ ಕೂಗುತ್ತೇನೆ ಅಂತ ಹೋದ ಗಂಡ ಕಿರ್ರಪ್ಪನ ಸುದ್ದಿಯೇ ಇಲ್ಲ.

ಸುದ್ದಿ ಹೇಗೆ ಬರಬೇಕು? ಅವಳು ಹುಲ್ಲಿನಲ್ಲಿ ಕೂಗಿದರೆ ಅವನು ಮರದ ತುದಿಯಲ್ಲಿ. ಅವಳು ಏದುಸಿರು ಬಿಡುತ್ತಾ ಮರ ಹತ್ತಿದರೆ, ಗೊರವಂಕ ಬಂತೆಂದು ಅವನು ಪೊದೆಗೆ ಹಾರಿರುತ್ತಾನೆ. ಅವಳು ಪೊದೆಗೆ ಬಂದರೆ ಟುವ್ವಿಹಕ್ಕಿ ಶುರು. ಇಬ್ಬರೂ ಮತ್ತೆ ಹಾರಿದರು, ಮತ್ತೆ ತಪ್ಪಿದರು. ಹೇಳುವ ನನಗೇ ತಲೆ ಚಿಟ್ಟು ಹಿಡಿಯುತ್ತದೆ, ಇನ್ನು ಅವಳ ಪಾಡೇನು! ತಿಂದ ಒಂದೆಸಳು ಹುಲ್ಲಿನ ಶಕ್ತಿಯೆಲ್ಲ ಹತ್ತಿ ಇಳಿಯುವುದಕ್ಕೇ ಮುಗಿಯಿತು.

ಮತ್ತೊಮ್ಮೆ ಪೊದೆಗೆ ಬಂದಾಗ, ಅಬ್ಬ, ಅವನದೇ ದನಿ! ಜಾಗ ಸಿಕ್ಕಿದೆಯಂತೆ, ಎಲ್ಲೆಲ್ಲಿ ಕೂಗಿದರೂ ನೀನೇ ಇಲ್ಲ ಅಂತ ಅವಳ ಮೇಲೇ ದೂರು.

ಚಿಗರವ್ವನಿಗೆ ಮೈಯೆಲ್ಲ ಉರಿದುಹೋಯಿತು. "ಸಾಕು ಮಾಡು ನಿನ್ನ ಹಾರಾಟ! ಆ ಒದ್ದೆ ಮಣ್ಣಿನ ಮೇಲೇ ಕೂತು ಹುಲ್ಲಿನ ದಾರಿಯಲ್ಲಿ ಕೂಗು. ಕಪ್ಪೆ ಬಂದರೆ ಸುಮ್ಮನಿರು, ಹಾರಬೇಡ. ನಾನಿನ್ನು ಕೂಗುವುದಿಲ್ಲ, ಕೇಳಿಕೊಂಡು ಬರುತ್ತೇನೆ."

ಅಷ್ಟರಲ್ಲಿ ಟುವ್ವಿಹಕ್ಕಿ ಬಾಯಿ ತೆಗೆಯಿತು. ಅವನಿಗೆ ಪೂರ್ತಿ ಕೇಳಿಸಿತೋ ಇಲ್ಲವೋ, ದೇವರೇ ಬಲ್ಲ.

ಅವಳು ಹುಲ್ಲಿಗಿಳಿದು ಕಿವಿಗೊಟ್ಟು ಕೂತಳು. ಕಪ್ಪೆ ವಟಗುಟ್ಟಿತು. ಅದರ ಪುರಾಣ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕೊನೆಗೂ ಮುಗಿಯಿತು. ಯಾರ ಸದ್ದೂ ಇಲ್ಲ. ಮತ್ತೆ ಮರ ಹತ್ತಿದನಾ ಈ ಪುಣ್ಯಾತ್ಮ ಅಂತ ಅಳುವೇ ಬಂತು.

ಕಿರ್ರ್.

ಅವಳು ನಡೆದಳು. ಕಪ್ಪೆ ದೊಪ್ಪನೆ ನೆಗೆದು ಬಂದರೆ ಅವನು ಗಪ್‌ಚಿಪ್, ಅವಳೂ ನಿಂತಲ್ಲೇ ನಿಂತಳು. ಮತ್ತೆ ಕಿರ್ರ್, ಮತ್ತೆ ನಡೆದಳು. ಕಂಡ ಕೂಡಲೇ ಅವನು ತನ್ನ ಕಷ್ಟ ಹೇಳಿಕೊಳ್ಳಲು ಹೊರಟ. ಅದೆಲ್ಲ ಆಮೇಲೆ ಅಂದವಳೇ ಚಿಗರವ್ವ ಅವನನ್ನು ಪಕ್ಕಕ್ಕೆ ನೂಕಿ, ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟಳು.

ಅದಕ್ಕೇ ಮಗು, ಇವತ್ತಿಗೂ ಹೆಣ್ಣು ಜೀರುಂಡೆ ಕೂಗುವುದಿಲ್ಲ, ಗಂಡು ಕೂತಲ್ಲಿಂದಲೇ ಕಿರ್ರೆನ್ನುತ್ತದೆ. ನೀನು ಹುಲ್ಲಿನಲ್ಲಿ ದೊಪ್ಪನೆ ಕಾಲಿಟ್ಟರೆ ಯಜಮಾನ ಕಪ್ಪೆ ಬಂತೆಂದು ಅವನು ಬಾಯಿ ಮುಚ್ಚುತ್ತಾನೆ, ಅರ್ಧ ದಾರಿಯಲ್ಲಿ ಎತ್ತಿದ ಕಾಲು ಎತ್ತಿಕೊಂಡೇ ನಿಂತ ಅವಳು ನಿನ್ನನ್ನು ಬೈದುಕೊಳ್ಳುತ್ತಿರುತ್ತಾಳೆ.