ಹೊಳೆಯ ಪಟ್ಟೆಮೀನು ಉಪ್ಪುನೀರಿಗೆ ಹೋಗದ ಕಾರಣ

"೧೯೮೭ ಜನವರಿ ೧೮, ಭಾನುವಾರ. ಮೀನು ಎರಡು, ಒಂದು ಗಂಡು, ಒಂದು ಹೆಣ್ಣು. ಮೈ ಬಿಳಿಚು, ಪಟ್ಟೆ ಮಸುಕು. ಅಳಿವೆಯ ಜಾತಿ. ನೀರಿಗೆ ಉಪ್ಪು ಮೂರು ಚಮಚ."

ಕುಸುಮಾವತಿಯಮ್ಮ ಹಳೆಯ ಡೈರಿಯನ್ನು ಆ ಪುಟಕ್ಕೆ ತೆರೆದು ಮೇಜಿನ ಮೇಲಿಟ್ಟರು. ಎದುರಿಗೆ ಎರಡು ಗಾಜಿನ ತೊಟ್ಟಿ. ಒಂದರಲ್ಲಿ ಅಳಿವೆಯಿಂದ, ಎಂದರೆ ಹೊಳೆ ಸಮುದ್ರ ಸೇರುವ ಜಾಗದಿಂದ, ಬಂದ ಮೀನುಗಳು ಎಷ್ಟೋ ಕಾಲದಿಂದ ಸುಖವಾಗಿದ್ದವು. ಇನ್ನೊಂದಕ್ಕೆ ಇವತ್ತು ಬೆಳಿಗ್ಗೆಯಷ್ಟೇ ಎರಡು ಹೊಸ ಮೀನು ಬಂದಿದ್ದವು. ಮೂಲೆ ಹಿಡಿದು ನಿಂತಿದ್ದವು. ಮೈ ಬಿಳಿಚು, ಪಟ್ಟೆ ಮಸುಕು.

ತಂದವಳು ಬಲೆಗಾರ ಮೋನಪ್ಪನ ಮಗಳು. ಯಾವ ಮೀನು ಎಂದು ಕುಸುಮಾವತಿಯಮ್ಮ ಕೇಳಿದರೆ ನಕ್ಕಿದ್ದಳು. "ಈ ಸಲವೂ ಕುಸುಮಾವತಿ ಅಕ್ಕನೇ ನೋಡಿ ಹೇಳಲಿ ಅಂತ ಅಪ್ಪ ಹೇಳಿದ್ದಾರೆ."

ಮೊಮ್ಮಗಳು ಧೃತಿ ಆಗಲೇ ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದಳು. ಎರಡು ತೊಟ್ಟಿಯ ಮೀನೂ ಒಂದೇ ತರ ಉಂಟಲ್ಲ, ಅದಕ್ಕೆ ಹಾಕಿದ ಹಾಗೆ ಇದಕ್ಕೂ ಹಾಕುವ ಎಂಬುದು ಅವಳ ವಾದ.

"ಡಬ್ಬಿ ಕೆಳಗಿಡು," ಎಂದರು ಅಜ್ಜಿ. "ಹೆದರಿದ ಮೀನನ್ನು ನೋಡಿ ಜಾತಿ ಹೇಳಬಾರದು. ಅಳಿವೆಯದಾದರೆ ಸಂಜೆವರೆಗೆ ಸಿಹಿನೀರಲ್ಲಿ ಆರಾಮ ಇರ್ತದೆ. ಮೇಲಿನ ಹೊಳೆಯದಾದರೆ ಉಪ್ಪು ಅದರ ಜೀವ ತೆಗೀತದೆ. ಬಣ್ಣ ತಿರುಗುವವರೆಗೆ ಕಾಯುವ."

"ಅಷ್ಟೊತ್ತು ಎಂತ ಮಾಡುವುದು?"

ಅಷ್ಟೊತ್ತಿಗೆ ಅಜ್ಜಿಯ ಹತ್ತಿರ ಒಂದು ಕಥೆ ಇತ್ತು.

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು. ಹೊಳೆಗಳು ಆಗಷ್ಟೇ ನಡೆಯಲು ಕಲಿತಿದ್ದವು. ಸಮುದ್ರ ತನ್ನ ಉಪ್ಪನ್ನು ಎಲ್ಲಿಯವರೆಗೆ ಕಳಿಸಬೇಕೆಂದು ಇನ್ನೂ ಯೋಚಿಸುತ್ತಿತ್ತು.

ನೇತ್ರಾವತಿ ಹೊಳೆಯಲ್ಲಿ ಅಕ್ಕ ತಂಗಿ ಎರಡು ಮೀನುಗಳಿದ್ದವು. ಆಗ ಅವುಗಳ ಮೈಮೇಲೆ ಪಟ್ಟೆಯೂ ಇಲ್ಲ, ಚುಕ್ಕಿಯೂ ಇಲ್ಲ. ಬೆಳಗಿದ ಪಾತ್ರೆಯ ಹಾಗೆ ಬರೀ ಬೆಳ್ಳಿ ಮೈ.

ಒಂದು ದಿನ ಸಮುದ್ರ ಹೇಳಿ ಕಳಿಸಿತು. ಬರುವ ಹುಣ್ಣಿಮೆಯ ಉಬ್ಬರಕ್ಕೆ ಅಳಿವೆಗೆ ಬಂದು ತನ್ನ ಒಂದು ಗುಟುಕು ಕುಡಿದವರಿಗೆ ಸಿಹಿನೀರು, ಉಪ್ಪುನೀರು ಎರಡೂ ಸ್ವಂತ. ತಪ್ಪಿದವರಿಗೆ ಉಪ್ಪುನೀರು ಇಲ್ಲ.

ಅಕ್ಕ ಕುಣಿಯುತ್ತಾ ತಂಗಿಯನ್ನು ಕರೆಯಲು ಬಂದಳು. ತಂಗಿ ಒಂದು ಕಲ್ಲಿನ ಹತ್ತಿರ ನಿಂತಿದ್ದಳು. ಕಲ್ಲಿನ ತುಂಬ ಸಾಸಿವೆ ಅಂಟಿಸಿದ ಹಾಗೆ ಮೊಟ್ಟೆ. ಅವಳು ರೆಕ್ಕೆಯಿಂದ ಬೀಸುತ್ತಿದ್ದಳು. ಅವಳಿಗೆ ಸುಸ್ತಾದರೆ ಗಂಡ ಬೀಸುತ್ತಿದ್ದ. ಬೀಸುವುದು ನಿಂತರೆ ಮೊಟ್ಟೆಗೆ ಬಿಳಿ ಬೂಸ್ಟು ಹಿಡಿಯುತ್ತಿತ್ತು.

"ಅಕ್ಕಾ, ನಾನು ಹೇಗೆ ಬರಲಿ?" ಎಂದಳು ತಂಗಿ.

ಅಕ್ಕ ಒಂದು ಇಡೀ ದಿನ ಅಲ್ಲೇ ನಿಂತು ಪುಸಲಾಯಿಸಿದಳು. ಆಮೇಲೆ ಒಬ್ಬಳೇ ಹೋದಳು.

ತಂಗಿ ಬೀಸಿದಳು. ಗಂಡ ಬೀಸಿದ. ಮತ್ತೆ ತಂಗಿ ಬೀಸಿದಳು.

ಗಾಳಿಗೆ ಪಾಪ ಅನಿಸಿತು. ತಾನು ಬೀಸುತ್ತೇನೆ, ನೀವು ಹೋಗಿ ಬನ್ನಿ ಎಂದು ಒಂದು ಕೈ ನೋಡಿತು. ನೀರಿನ ಮೇಲೆ ನಾಲ್ಕು ಸುಕ್ಕು ಎದ್ದದ್ದು ಬಿಟ್ಟರೆ ಕೆಳಗೆ ಏನೂ ಅಲುಗಲಿಲ್ಲ. ಕಲ್ಲಿನ ಸಂದಿಯ ಏಡಿ ಮಾತ್ರ ಬಹಳ ಒಳ್ಳೆಯ ಮನಸ್ಸಿನಿಂದ, ಮೊಟ್ಟೆಗಳನ್ನು ತಾನೇ ನೋಡಿಕೊಳ್ಳುತ್ತೇನೆ ಎಂದಿತು. ತಂಗಿಯ ಗಂಡ ಅದರ ಬಾಯಿ ನೋಡಿದ, ಬೇಡ ಎಂದ.

ಹೊಳೆ ಹರಿದು ಹೋಗಿ ಸಮುದ್ರದ ಹತ್ತಿರ ನಾಲ್ಕು ದಿನ ಹೆಚ್ಚು ಕೇಳಿತು. ಹೊಳೆಗೆ ಹಿಂದೆ ಬರಲು ಗೊತ್ತಿಲ್ಲವಲ್ಲ, ಉತ್ತರವನ್ನು ಮಧ್ಯಾಹ್ನದ ಗಾಳಿ ತಂದಿತು. ಉಬ್ಬರ ಯಾರಿಗೂ ಕಾಯುವುದಿಲ್ಲವಂತೆ.

ತಂಗಿ ಮತ್ತೆ ಬೀಸಿದಳು.

ಹುಣ್ಣಿಮೆ ಬಂತು, ಉಬ್ಬರ ಬಂತು, ಇಳಿಯಿತು. ಅಷ್ಟು ದಿನ ಗಂಡ ಹೆಂಡತಿ ನಿಂತಲ್ಲೇ ನಿಂತದ್ದಕ್ಕೆ ದಡದ ಜೊಂಡಿನ ನೆರಳು ಅವರ ಮೈಮೇಲೆ ಬಿದ್ದು ಬಿದ್ದು ಅಲ್ಲೇ ಅಂಟಿತು. ಕಪ್ಪು ಕಪ್ಪು ಪಟ್ಟೆ. ಮೊಟ್ಟೆಗಳ ಹೊಳಪು ಪಟ್ಟೆಯ ಮೇಲೆ ಬಿದ್ದು ಚುಕ್ಕಿಯಾಯಿತು. ಒಂದೇ ದಿನ ನಿಂತಿದ್ದ ಅಕ್ಕನಿಗೂ ಪಟ್ಟೆ ಬಂತು, ಆದರೆ ತೆಳುವಾಗಿ.

ಮೊಟ್ಟೆ ಒಡೆದು ಮಕ್ಕಳಾದವು. ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆದವು. ಆಮೇಲೆ ಒಂದು ದಿನ ತಂಗಿ ಸಂಸಾರ ಸಮೇತ ಅಕ್ಕನನ್ನು ನೋಡಲು ಹೊರಟಳು. ಅಳಿವೆ ಹತ್ತಿರ ಬಂದಾಗ ಉಪ್ಪು ತಾಗಿತು. ಮಕ್ಕಳು ಬಾಯಿ ಕಳೆದು ಒದ್ದಾಡಿದವು. ಆಚೆ ನೀರಲ್ಲಿ ಅಕ್ಕ ಕಾಯುತ್ತಿದ್ದಳು.

"ಎಷ್ಟು ಹೇಳಿದೆ ನಿನಗೆ," ಎಂದಳು ಅಕ್ಕ. "ಇಡೀ ಸಮುದ್ರ ಬಿಟ್ಟೆಯಲ್ಲ."

"ಬಿಟ್ಟೆ," ಎಂದಳು ತಂಗಿ. "ಇವರನ್ನು ಬಿಡಲಿಲ್ಲ."

ಮಕ್ಕಳನ್ನು ತಿರುಗಿಸಿಕೊಂಡು ಮೇಲಿನ ಸಿಹಿನೀರಿಗೆ ಹೊರಟಳು.

ಕುಸುಮಾವತಿಯಮ್ಮ ಕಥೆ ನಿಲ್ಲಿಸಿ ತೊಟ್ಟಿಯ ಕಡೆ ಕಣ್ಣು ಹಾಯಿಸಿದರು. ಮೀನುಗಳು ಮೂಲೆ ಬಿಟ್ಟು ನಡುವಿಗೆ ಬಂದಿದ್ದವು. ಬಿಳಿಚಿದ ಮೈಯಲ್ಲಿ ಪಟ್ಟೆ ಒಂದೊಂದೇ ಎದ್ದು ಬಾಣಲೆಯ ಮಸಿಯ ಹಾಗೆ ಕಪ್ಪಗಾಗಿತ್ತು.

"ತಂಗಿ," ಎಂದಳು ಧೃತಿ. ಉಪ್ಪಿನ ಡಬ್ಬಿಯನ್ನು ತಾನೇ ಒಯ್ದು ಅಡುಗೆಮನೆಯಲ್ಲಿಟ್ಟು ಬಂದಳು. ಆಮೇಲೆ ಹಳೆಯ ಡೈರಿಯ ಮೇಲೆ ಬೆರಳಿಟ್ಟಳು. "ಅಜ್ಜಿ, ಇದರಲ್ಲಿ ಅಳಿವೆಯ ಜಾತಿ, ಅಂದ್ರೆ ಅಕ್ಕ, ಅಂತ ಬರೆದಿದ್ದೀರಲ್ಲ?"

ಕುಸುಮಾವತಿಯಮ್ಮ ಮುಚ್ಚಿಡಲಿಲ್ಲ. ಆ ದಿನ ಮೀನು ತಂದ ಮೋನಪ್ಪ ಹೇಳಿದ್ದ, ಇದು ಮೇಲಿನ ಹೊಳೆಯದು, ಉಪ್ಪು ತಾಗಿಸಬೇಡಿ ಅಕ್ಕಾ ಎಂದು. ಪ್ರಾಣಿಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು ಬಂದ ಈ ಅಕ್ಕ ಅವನಿಗೆ ಸಿಕ್ಲಿಡ್ ಎಂಬ ಈ ಮೀನುಕುಲದ ಬಗ್ಗೆ ಅರ್ಧ ಗಂಟೆ ಪಾಠ ಮಾಡಿ, ಪುಸ್ತಕದ ಚಿತ್ರ ತೋರಿಸಿ, ಮೂರು ಚಮಚ ಅಳೆದು ಹಾಕಿದ್ದರು.

ಅವರು ಹೊಸ ಡೈರಿ ತೆಗೆದು ಬರೆದರು: "ಮೀನು ಎರಡು. ಮೇಲಿನ ಹೊಳೆಯವು. ಉಪ್ಪು ಇಲ್ಲ. ಮೋನಪ್ಪನಿಗೆ ಫೋನ್ ಮಾಡಿ, ಅಂದು ನೀನು ಹೇಳಿದ್ದೇ ಸರಿ ಎನ್ನಬೇಕು."

ಅಂದು ತಂಗಿ ಕಲ್ಲು ಬಿಟ್ಟು ಬರಲಿಲ್ಲವಾದ್ದರಿಂದಲೇ ಇಂದಿಗೂ ಕಪ್ಪು ಪಟ್ಟೆಯ ಹೊಳೆಮೀನು ಸಿಹಿನೀರಲ್ಲೇ ಇರುತ್ತದೆ. ಗಂಡೂ ಹೆಣ್ಣೂ ಸರದಿಯಲ್ಲಿ ನಿಂತು ಮೊಟ್ಟೆಗೆ ಬೀಸುವುದನ್ನು ಗಾಜಿನ ಆಚೆಯಿಂದ ನೀವೂ ನೋಡಬಹುದು. ತಂಗಿಗೆ ಅದಕ್ಕಾಗಿ ಹೋದದ್ದು ಒಂದು ಸಮುದ್ರ. ಕುಸುಮಾವತಿಯಮ್ಮನಿಗೆ ಮೂರು ಚಮಚ ಉಪ್ಪಿನಿಂದ ಹೋದದ್ದು, ಮೂರನೆಯ ದಿನ ಗಂಡು ಮೀನು, ಹನ್ನೊಂದನೆಯ ದಿನ ಹೆಣ್ಣು, ಆಮೇಲೆ ಮೋನಪ್ಪ ಈ ಮನೆಯ ಗೇಟು ದಾಟದ ಮೂವತ್ತೆಂಟು ವರ್ಷ.