ಮಾತು ನಿಂತ ತಿರುವು

ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರು ತಮ್ಮ ಕೊನೆಗಾಲವನ್ನು ಬೆಳವಲ ಸೀಮೆಯ ಮಠದಲ್ಲಿ ಕಳೆಯಲಿಲ್ಲ. ಪಲ್ಲಕ್ಕಿ, ಪಾದಪೂಜೆ ಎಲ್ಲವನ್ನೂ ಶಿಷ್ಯರಿಗೆ ಒಪ್ಪಿಸಿ ಹಿಮಾಲಯದ ಒಂದು ಕಲ್ಲುಗುಡಿಸಲಿಗೆ ಬಂದು ನೆಲೆಸಿದರು. ಅಲ್ಲಿಂದ ಮೇಲೆ, ಮರಗಿಡ ಮುಗಿದು ಬರಿಯ ಕಲ್ಲು ಹಿಮ ಉಳಿಯುವಲ್ಲಿ, ಒಂದು ಕೊಳವಿದೆ. ಅದರ ದಂಡೆಯಲ್ಲಿ ಒಂದು ಶಿವಲಿಂಗ. ಅಲ್ಲಿಗೆ ಹೋಗಲು ಹಗ್ಗ ಬೇಕಿಲ್ಲ, ಕಬ್ಬಿಣದ ಕೊಕ್ಕೆ ಬೇಕಿಲ್ಲ. ಕೈಯಲ್ಲೊಂದು ಕೋಲು, ಮೈಮೇಲೊಂದು ಕಂಬಳಿ ಇದ್ದರೆ ಕಾಲು ಗಟ್ಟಿಯಿರುವ ಯಾರಾದರೂ ನಡೆದೇ ಹೋಗಬಹುದು. ಆ ದಾರಿಯ ಮೋಸವೂ ಅದೇ. ನಡೆಯಲು ಬರುತ್ತದೆ ಎಂದಾಗ ಮನುಷ್ಯ ನಿಲ್ಲುವುದನ್ನು ಮರೆಯುತ್ತಾನೆ.

ನಮ್ಮ ಕಡೆಯ ಭಕ್ತರ ಸಂಗತಿ ನಿಮಗೆ ಗೊತ್ತೇ ಇದೆ. ಶಿವನ ಹತ್ತಿರ ಹೋಗುವುದಕ್ಕೂ ಹೊಲಕ್ಕೆ ಹೋಗುವ ಚಪ್ಪಲಿಯೇ! ಅದಕ್ಕೇ ಅಜ್ಜನವರು ಒಲೆಯ ಪಕ್ಕದಲ್ಲಿ ಕುಳಿತು, ದಬ್ಬಳ ಹಿಡಿದು, ಹಳೆಯ ಗೋಣಿತಟ್ಟಿಗೆ ಕಂಬಳಿಯ ಚೂರುಗಳನ್ನು ಒಳಗಡೆ ಸೇರಿಸಿ ಯಾತ್ರಿಕರಿಗೆ ಕಾಲಚೀಲ ಹೊಲಿದುಕೊಡುತ್ತಿದ್ದರು. ಉಪದೇಶ ಕೇಳಿದವರಿಗೆ, ‘ಮೊದಲ ಕಾಲು ಕೊಡು, ಅಳತಿ ತಗೋಬೇಕು’ ಎನ್ನುತ್ತಿದ್ದರು. ಮಠದಲ್ಲಿ ಅವರ ಪಾದ ಮುಟ್ಟಲು ಜನ ಸಾಲುಗಟ್ಟಿದ್ದನ್ನು ಕಂಡ ನನ್ನಂಥವರಿಗೆ, ಅವರು ಕಂಡಕಂಡವರ ಪಾದ ಹಿಡಿಯುವುದನ್ನು ನೋಡಲಾಗುತ್ತಿರಲಿಲ್ಲ.

ಒಂದು ವರ್ಷ ಗದಗದ ಕಡೆಯಿಂದ ಒಂದು ತಂಡ ಬಂತು. ಮುಂದಾಳು ಅಡಿವೆಯ್ಯನವರು, ಭಜನೆಯಲ್ಲಿ ಹೆಸರು ಮಾಡಿದವರು. ಅವರೊಡನೆ ಎಣ್ಣೆಗಾಣ ನಡೆಸುತ್ತಿದ್ದ ಈರಸಂಗಪ್ಪನವರು ಮತ್ತು ಅವರ ಧರ್ಮಪತ್ನಿ ಸಾವಂತ್ರವ್ವ. ದಂಪತಿಗಳಿಗೆ ಮಕ್ಕಳಿರಲಿಲ್ಲ. ಸಾವಂತ್ರವ್ವನ ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಅಜ್ಜನವರು ಕಾಲಚೀಲ ತೊಡಿಸುತ್ತಿದ್ದಂತೆಯೇ ಆಕೆ ಶುರುಮಾಡಿದಳು.

‘ಯವ್ವಾ! ಇದನ್ನ ಹಾಕ್ಕೊಂಡ್ರ ನಾ ಕರಡಿ ಹಂಗ ಕಾಣತೇನಲ್ಲರೀ ಅಜ್ಜಾರ! ನನ್ನ ನೋಡಿ ಶಿವ ಹೆದರಿ ಓಡಿಹೋದ್ರ ಯಾರನ್ನ ಕೇಳ್ಲಿ? ಅಲ್ರೀ, ಮ್ಯಾಲೆ ಚಾ ಸಿಗತೈತೇನು? ಈ ಥಂಡಿಯೊಳಗ ಆ ಪಾರ್ವತಿ ಹ್ಯಾಂಗ ಸಂಸಾರ ಮಾಡ್ಯಾಳೋ ಏನೋ!’

ಅಜ್ಜನವರು ಗಟ್ಟಿಯಾಗಿ ನಕ್ಕರು. ಈರಸಂಗಪ್ಪನವರಿಗೆ ಮುಜುಗರವಾಯಿತು. ‘ಸಾಕ ಮಾಡ. ಶಿವನ ಸನ್ನಿಧಿಗೆ ಹೊಂಟೀವಿ. ಈಗಾರ ಬಾಯಿ ಮುಚ್ಚು’ ಎಂದು ಗದರಿದರು.

‘ಇರಲಿ ಬಿಡು ತಮ್ಮಾ,’ ಎಂದರು ಅಜ್ಜನವರು. ‘ಮಾತಾಡಕೋತ ಹೋದ್ರ ದಾರಿ ಸವೀತದ.’

ತಂಡ ಹೊರಟುಹೋಯಿತು. ಆಕೆಯ ದನಿ ಬಹಳ ದೂರದವರೆಗೆ ಕೇಳಿಸುತ್ತಲೇ ಇತ್ತಂತೆ.

ಕೆಲವು ದಿನಗಳ ತರುವಾಯ ಅದೇ ತಂಡ ತಾಳ ಬಾರಿಸುತ್ತ, ಹಾಡುತ್ತ ಇಳಿದುಬಂದಿತು. ಸಾವಂತ್ರವ್ವ ಇರಲಿಲ್ಲ. ಈರಸಂಗಪ್ಪನವರು ಎಲ್ಲರಿಗಿಂತ ಹಿಂದೆ ಬಂದರು. ಅವರ ಕೈಯಲ್ಲಿ ಎರಡು ಕೋಲುಗಳಿದ್ದವು, ಬಗಲಲ್ಲಿ ಆಕೆಯ ಗೋಣಿತಟ್ಟಿನ ಕಾಲಚೀಲ ಇತ್ತು.

ಅಡಿವೆಯ್ಯನವರು ಅಜ್ಜನವರ ಪಾದಕ್ಕೆರಗಿ, ಆನಂದದಿಂದ ಗದ್ಗದಿತರಾಗಿ ನಡೆದದ್ದನ್ನು ನಿವೇದಿಸಿದರು. ದಾರಿಯ ನಡುವಿನ ಕರಿಬಂಡೆಯ ತಿರುವಿನವರೆಗೆ ಆ ತಾಯಿ ಎಂದಿನಂತೆ ಹರಟುತ್ತಲೇ ಇದ್ದಳು. ಅಲ್ಲಿ ಮಾತು ನಿಂತಿತು. ಬೆಟ್ಟವೇ ಆಕೆಗೆ ಮೌನದೀಕ್ಷೆ ಕೊಟ್ಟಿತು ಎಂದುಕೊಂಡರು. ಊಟದ ತಾಟನ್ನು ದೂರ ಸರಿಸಿದಳು. ಉಪವಾಸವ್ರತ ಹಿಡಿದಿದ್ದಾಳೆ ಎಂದುಕೊಂಡರು. ನಡೆಯುವಾಗ ಮೈ ತೂಗಾಡಿತು, ಕಣ್ಣಿನಿಂದ ನೀರು ಹರಿಯಿತು. ಇದು ಪರವಶತೆ, ಜನ್ಮಾಂತರದ ಪುಣ್ಯ ಎಂದುಕೊಂಡರು. ಯಾರೋ ಒಬ್ಬರು ಆಕೆಯ ಕಾಲಿಗೆ ಬಿದ್ದರು. ಆಮೇಲೆ ಎಲ್ಲರೂ ಬಿದ್ದರು. ಆಕೆ ಮುಟ್ಟದೆ ಬಿಟ್ಟ ಅನ್ನವನ್ನು ಪ್ರಸಾದವೆಂದು ಹಂಚಿಕೊಂಡು ತಿಂದರು. ಕೊಳದ ದಂಡೆಯಲ್ಲಿ ಆಕೆ ಯಾರೂ ಇಲ್ಲದ ಕಡೆ ನೋಡಿ ನಕ್ಕಳು. ದರ್ಶನವಾಯಿತು ಎಂದು ಜಯಘೋಷ ಮಾಡಿದರು. ಬೆಳಗಾದಾಗ ಆಕೆಯ ಮೈ ತಣ್ಣಗಾಗಿತ್ತು.

‘ಬಯಲಾದಳ್ರೀ ಅಜ್ಜಾರ! ಇಂಥ ಸಾವು ಯಾರಿಗೈತಿ?’ ಎಂದರು ಅಡಿವೆಯ್ಯನವರು. ‘ಅಳಬಾರದು ಅಂತ ನಾವು ಹಾಡಕೋತ ಮಣ್ಣು ಮಾಡಿದ್ವಿ. ಮಣ್ಣೆಲ್ಲಿ ಬಂತು, ಬರೀ ಕಲ್ಲು. ಬರೂ ವರ್ಷ ಅಲ್ಲೊಂದು ಗದ್ದಗಿ ಕಟ್ಟೂದು ಅಂತ ಮಾಡೀವಿ. ತಾವು ಬಾಯಿ ತುಂಬ ಒಂದು ಮಾತು ಹೇಳಿದ್ರ ಸಾಕು, ಜನ ಆಕಿ ಹಾದಿ ಹಿಡೀತಾರ.’

ಅಜ್ಜನವರು ದಬ್ಬಳವನ್ನು ತಟ್ಟಿಗೆ ಚುಚ್ಚಿ ಕೆಳಗಿಟ್ಟರು.

ಈರಸಂಗಪ್ಪನವರು ಬಾಗಿಲ ಬಳಿಯೇ ಕುಳಿತಿದ್ದರು. ಅವರು ಹೆಂಡತಿಯನ್ನು ಕಳೆದುಕೊಂಡ ಮೇಲೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಎಲ್ಲರೂ ಪುಣ್ಯವಂತ ಎಂದು ಅವರ ಕೈಹಿಡಿದು ಕಣ್ಣಿಗೊತ್ತಿಕೊಳ್ಳುವಾಗ ಅಳುವುದಾದರೂ ಹೇಗೆ? ಆದರೆ ಎದೆಯೊಳಗೆ ಒಂದು ಪ್ರಶ್ನೆ ಹುಳದಂತೆ ಕೊರೆಯುತ್ತಿತ್ತು. ಆ ಪ್ರಶ್ನೆಯೊಂದಕ್ಕಾಗಿಯೇ ಅವರು ಅಷ್ಟು ದೂರ ಇಳಿದುಬಂದಿದ್ದರು. ಇಲ್ಲದಿದ್ದರೆ ಆ ಕಲ್ಲುಗಳ ಪಕ್ಕದಲ್ಲೇ ಮಲಗಿಬಿಡುತ್ತಿದ್ದೆ ಎಂದು ನನಗೆ ಅವರೇ ಹೇಳಿದ್ದಾರೆ.

‘ಅಜ್ಜಾರ,’ ಎಂದರು, ‘ಆಕಿಗೆ ಆಗಿದ್ದು ಭಕ್ತಿಯೋ, ಬ್ಯಾನಿಯೋ?’

ಅಜ್ಜನವರು ಅವರನ್ನೇ ದಿಟ್ಟಿಸಿ ನೋಡಿದರು.

‘ಆಕಿ ಮಾತು ಎಲ್ಲಿ ನಿಂತ್ವು?’

‘ಕರಿಬಂಡಿ ತಿರುವಿನಾಗ್ರೀ.’

‘ಗಾಳಿ ಸಾಲದ ಬ್ಯಾನಿ ಅದು. ಅಲ್ಲಿಂದ ಮ್ಯಾಲೆ ಯಾಕ ಹತ್ತಿಸಿದಿ?’

ಈರಸಂಗಪ್ಪನವರು ತಡವರಿಸುತ್ತ ಹೇಳತೊಡಗಿದರು. ‘ನನ್ನ ಕಂಬಳಿ ಸೆರಗ ಹಿಡದು ಎಳದ್ಲರೀ. ಕೆಳಗ. ದಾರಿ ಕೆಳಗಿನ ಕಡೆ ಎಳದ್ಲು. ನಾ ಬಿಡಿಸಿಕೊಂಡೆ. ಮೆಲ್ಲಕೇ ಬಿಡಿಸಿದ್ನಿರೀ, ಬೈಲಿಲ್ಲ. ಮಂದಿ ಎಲ್ಲಾ ಕೈಮುಗಿಯಾಕತ್ತಿದ್ರು. ನನಗ ಎದಿ ಉಬ್ಬಿತ್ತು. ಲಗ್ನಾದಾಗಿಂದ ಇದ ಮೊದಲ ಸಲ ಸುಮ್ಮನಾಗ್ಯಾಳ, ನನ್ನ ಪುಣ್ಯ ಅಂತ...’ ಎನ್ನುತ್ತ ಅವರು ಅಜ್ಜನವರ ಪಾದಗಳನ್ನು ಹಿಡಿದುಕೊಂಡರು. ‘ಖರೇ ಹೇಳ್ರಿ. ಅಲ್ಲಿಂದ ಕೆಳಗ ಕರಕೊಂಡು ಬಂದಿದ್ರ ಬದುಕತಿದ್ಲೇನ್ರೀ?’

‘ಬದುಕತಿದ್ಲು.’

ಈ ಪ್ರಸಂಗವನ್ನು ನಾನು ಹೇಳಿದಾಗಲೆಲ್ಲ ಯಾರಾದರೊಬ್ಬರು ಇಲ್ಲಿ ನನ್ನನ್ನು ತಡೆಯುತ್ತಾರೆ. ಕರುಣಾಮೂರ್ತಿಗಳು ಎನ್ನುತ್ತೀರಿ, ಸತ್ತವಳು ಸತ್ತಳು, ಇರುವವನ ಸಮಾಧಾನಕ್ಕೆ ಶಿವನಿಚ್ಛೆ ಎಂದಿದ್ದರೆ ಅಜ್ಜನವರ ಗಂಟೇನು ಹೋಗುತ್ತಿತ್ತು, ಎಂದು ಕೇಳುತ್ತಾರೆ. ಸುಳ್ಳೇಕೆ ಹೇಳಲಿ, ಮೊದಲು ಕೇಳಿದಾಗ ನನಗೂ ಸಿಟ್ಟೇ ಬಂದಿತ್ತು. ಆ ಸಿಟ್ಟು ಆ ದಿನ ಅಡಿವೆಯ್ಯನವರಿಗೂ ಬಂತು.

‘ಇದೇನ್ರೀ ಅಜ್ಜಾರ! ಮೊದಲ ಸುಟ್ಟುಕೊಂಡಾನ, ಅದರ ಮ್ಯಾಲೆ ಉಪ್ಪು ಹಾಕತೀರೇನು? ಭಕ್ತರ ನಂಬಿಕಿ ಗತಿ ಏನಾಗಬೇಕು?’

ಅಜ್ಜನವರು ದನಿ ಎತ್ತರಿಸಲಿಲ್ಲ. ‘ಅಡಿವೆಯ್ಯಾ, ಬರೂ ವರ್ಷ ಆ ತಿರುವಿನಾಗ ಇನ್ನೊಬ್ಬಾಕಿ ಸುಮ್ಮನಾಗತಾಳ. ಆಕಿ ಕಾಲಿಗೂ ಬೀಳತೀಯೇನು?’

ಅಡಿವೆಯ್ಯನವರ ಕೈಯಿಂದ ತಾಳ ಜಾರಿ ನೆಲಕ್ಕೆ ಬಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಅನಂತರ ಅಲ್ಲಿದ್ದವರು ಎಂದೂ ಕಾಣದ್ದನ್ನು ಕಂಡರು. ಅಜ್ಜನವರು ಆ ಗೋಣಿತಟ್ಟಿನ ಕಾಲಚೀಲವನ್ನು ಈರಸಂಗಪ್ಪನವರ ಬಗಲಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ‘ನಂದೂ ತಪ್ಪೈತಿ. ಹತ್ತಾಕ ಕಾಲಿಗೆ ಹೊಲದು ಕೊಟ್ಟೆ. ಇಳಿಯೂ ಮಾತು ಹೇಳಲಿಲ್ಲ’ ಎಂದರು. ಎಲ್ಲರ ಮುಂದೆ, ಮಗಳನ್ನು ಕಳೆದುಕೊಂಡ ತಂದೆಯಂತೆ, ಬಿಕ್ಕಿಬಿಕ್ಕಿ ಅತ್ತರು. ಆ ಹೆಣ್ಣುಮಗಳಿಗಾಗಿ ಮೊದಲು ಅತ್ತವರು ಅವರೇ. ಆಗ ಈರಸಂಗಪ್ಪನವರ ಎದೆಯ ಕಟ್ಟೆಯೂ ಒಡೆಯಿತು. ‘ಸಾವಂತ್ರೀ’ ಎಂದು ಹೆಸರು ಹಿಡಿದು ಕೂಗುತ್ತ ನೆಲಕ್ಕೆ ಹಣೆ ಚಚ್ಚಿಕೊಂಡರು. ತಂಡದವರೆಲ್ಲ ಅತ್ತರು. ಶಿವೈಕ್ಯಳೆಂದು ಹಾಡಿಹೊಗಳಿದ್ದ ಬಾಯಿಗಳೇ ಅಯ್ಯೋ ಪಾಪ, ಎಂಥ ಮಾತುಗಾತಿ ಎಂದು ಗೋಳಾಡಿದವು.

ಮರುದಿನ ತಂಡ ಊರ ದಾರಿ ಹಿಡಿಯಿತು. ಈರಸಂಗಪ್ಪನವರು ಕೋಲು ಹಿಡಿದು ಮೇಲಿನ ದಾರಿಗೆ ತಿರುಗಿದರು. ಅವರು ಯಾಕೆ ಹೊರಟಿದ್ದಾರೆಂಬುದು ಅಜ್ಜನವರಿಗೆ ತಿಳಿಯಿತು.

‘ತಮ್ಮಾ, ಎಲ್ಲಿಗೆ?’

‘ಆಕಿ ಕಡೆ. ನನಗಿನ್ನೇನು ಬಾಳೇವು ಐತ್ರೀ? ನೀವ ಹೇಳಿದ್ರಲ್ಲ, ಬದುಕತಿದ್ಲು ಅಂತ. ಅದನ್ನ ಕೇಳಿ ನಾ ಹ್ಯಾಂಗ ಬದುಕ್ಲಿ?’

‘ಬದುಕು ಅಂತ ನಾ ಹೇಳೂದಿಲ್ಲ,’ ಎಂದರು ಅಜ್ಜನವರು. ‘ತಿರುವಿನ ತನಕ ಹೋಗು. ಅಲ್ಲಿ ಕೂಡ್ರು. ಬಂದವರನ್ನ ಮಾತಾಡಸು. ಯಾರ ಮಾತು ನಿಲ್ಲತಾವು, ಅವರನ್ನ ಇಳಿಸು.’

ಅಷ್ಟೇ ಅಪ್ಪಣೆ. ಈರಸಂಗಪ್ಪನವರು ಕರಿಬಂಡೆಯವರೆಗೆ ಹೋದರು. ಬಂಡೆಗೆ ಬೆನ್ನು ಕೊಟ್ಟು ಕುಳಿತರು. ಮೇಲೆ ಹೋಗಬೇಕೆಂದು ಎದ್ದಾಗಲೆಲ್ಲ ಕೆಳಗಿನಿಂದ ಯಾರಾದರೂ ಬರುತ್ತಿರುವುದು ಕಾಣುತ್ತಿತ್ತಂತೆ. ಅವರನ್ನು ಮಾತಾಡಿಸಿ ಆಮೇಲೆ ಹೋದರಾಯಿತು ಎಂದು ಮತ್ತೆ ಕೂರುತ್ತಿದ್ದರಂತೆ.

ಹೀಗೆ ಆ ಬೇಸಿಗೆ ಮುಗಿಯಿತು. ಹಿಮ ಬಿದ್ದು ದಾರಿ ಮುಚ್ಚಿದಾಗ ಅಜ್ಜನವರ ಗುಡಿಸಲಿಗೆ ಇಳಿದುಬಂದು ದಬ್ಬಳ ಹಿಡಿಯಲು ಕಲಿತರು. ದಾರಿ ತೆರೆದಾಗ ಮತ್ತೆ ಬಂಡೆಯ ಬುಡಕ್ಕೆ ಹೋದರು. ನಿಮ್ಮೂರು ಯಾವುದು, ಈ ಸಲ ಮಳೆ ಹೇಗೆ, ಮನೆಯಲ್ಲಿ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ನಿಮ್ಮತ್ತೆ ಒಳ್ಳೆಯವರೋ ಕೆಟ್ಟವರೋ, ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ದೇವರ ದಾರಿಯಲ್ಲಿ ಇದೆಂಥ ಹರಟೆ ಎಂದು ಮುಖ ಸಿಂಡರಿಸಿದವರೂ ಉಂಟು. ಹೆಂಡತಿಯ ಮಾತನ್ನು ಇಡೀ ಬಾಳು ಸಹಿಸದೆ ಗದರಿದ ಮನುಷ್ಯ ಮಂದಿಯ ಮಾತಿಗಾಗಿ ಹೀಗೆ ಅಂಗಲಾಚುತ್ತಿದ್ದ. ಉತ್ತರ ತಡವಾಯಿತೋ, ನಾಲಗೆ ತೊದಲಿತೋ, ಮುಗಿಯಿತು. ಕಾಲಿಗೆ ಬಿದ್ದು ಬೇಡಿಯಾದರೂ ಅವರನ್ನು ಕೆಳಗಿಳಿಸುತ್ತಿದ್ದರು. ಕೊಳದ ಲಿಂಗವನ್ನು ನೋಡಲು ಅವರು ಮತ್ತೆ ಹೋಗಲಿಲ್ಲ.

ನಾನು ಅಜ್ಜನವರ ದರ್ಶನಕ್ಕೆ ಹೋದ ವರ್ಷ ಒಂದು ಮಧ್ಯಾಹ್ನ, ಈರಸಂಗಪ್ಪನವರು ಬೆನ್ನಮೇಲೆ ಒಬ್ಬ ಹೆಂಗಸನ್ನು ಹೊತ್ತು ಗುಡಿಸಲಿಗೆ ಬಂದರು. ಹಿಂದೆ ಆಕೆಯ ಮನೆಯವರು ಬೈಯುತ್ತ ಬರುತ್ತಿದ್ದರು. ಸಮಾಧಿಸ್ಥಿತಿಯಲ್ಲಿದ್ದ ತಾಯಿಯನ್ನು ಹೊತ್ತುತಂದು ಕೆಡಿಸಿದನೆಂದು ಅವರ ಕೋಪ. ಆಕೆಯ ಹಣೆಯ ತುಂಬ ಯಾರೋ ವಿಭೂತಿ ಬಳಿದಿದ್ದರು, ಕೊರಳಿಗೊಂದು ಹಾರ ಹಾಕಿದ್ದರು. ಈರಸಂಗಪ್ಪನವರು ಆಕೆಯನ್ನು ಒಲೆಯ ಹತ್ತಿರ ಮಲಗಿಸಿ ಹಾರ ತೆಗೆದರು. ಅಜ್ಜನವರು ಗಂಜಿಗೆ ಎಸರಿಟ್ಟರು.

ಬಹಳ ಹೊತ್ತು ಕಾದೆವು. ಈರಸಂಗಪ್ಪನವರು ಆಕೆಯ ಮುಖದ ಮೇಲಿನಿಂದ ಕಣ್ಣು ಕೀಳಲಿಲ್ಲ. ಸಂಜೆಯ ಬಿಸಿಲು ಬಾಗಿಲಿಗೆ ಬಂದಾಗ ಆಕೆ ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಎಲ್ಲಿದ್ದೇನೆಂದು ತಿಳಿಯಿತು. ಆಗ ಶುರುವಾಯಿತು ನೋಡಿ!

‘ಯಾರಪ್ಪಾ ನೀನು? ನನ್ನ ಮುಟ್ಟಿ ಹೊತ್ಕೊಂಡು ಬರಾಕ ಯಾರಂದ್ಕೊಂಡಿ? ಎಷ್ಟು ವರ್ಷದ ಹರಕಿ ಅದು, ಇನ್ನ ಒಂದ ಏರು ಇತ್ತು, ನಿನಗೇನು ನಾ ಗೋಧಿ ಚೀಲ ಕಂಡ್ನೇನು? ಮೂಳಾ, ನಿನ್ನ ಕೈ ಸೇದಿಹೋಗ...’

ಮಾತು ನಿಲ್ಲಲೊಲ್ಲದು. ಮನೆಯವರು ಸುಮ್ಮನಾಗಿಸಲು ಮುಂದೆ ಬಂದರು. ಅಜ್ಜನವರು ಕೈಯೆತ್ತಿ ಅವರನ್ನು ತಡೆದರು.

ಈರಸಂಗಪ್ಪನವರು ಆಕೆಯ ಕಾಲ ಬಳಿ ಕೈಮುಗಿದು ಕುಳಿತಿದ್ದರು. ಗಡ್ಡದ ತುಂಬ ಕಣ್ಣೀರು. ಆಕೆ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತಳು. ಆ ಒಂದು ಕ್ಷಣಕ್ಕೇ ಅವರ ಮುಖ ಬಿಳುಪೇರಿತು.

‘ಬೈಯವ್ವಾ,’ ಎಂದರು. ‘ನಿಲ್ಲಿಸಬ್ಯಾಡ. ಇನ್ನಷ್ಟು ಬೈ.’