ಡಬ್ಬ ಹೊತ್ತು ತಂದದ್ದು

ಮಣ್ಣಿನ ರನ್‌ವೇಯಲ್ಲಿ ಪುಟ್ಟ ವಿಮಾನವೊಂದು ಟ್ಯಾಂಕು ಬರಿದಾಗಿ ನಿಂತಿತ್ತು. ಜೀಪಿನಲ್ಲಿ ಕುಲುಕಾಡುತ್ತ ಪೆಟ್ರೋಲು ತಂದ ತಗಡಿನ ಡಬ್ಬಕ್ಕೆ ಬಿಂಕವೋ ಬಿಂಕ. ತಾನು ಬಾರದಿದ್ದರೆ ಇದಕ್ಕೆ ಹಾರುವ ಯೋಗವೆಲ್ಲಿತ್ತು ಎಂದುಕೊಂಡು, "ವಿಮಾನರಾಯರೇ, ಮುಚ್ಚಳ ತೆಗೆಯಿರಿ" ಎಂದಿತು.

ವಿಮಾನವು ರೆಕ್ಕೆಯ ಕೆಳಗೆ ಸುರುಳಿ ಸುತ್ತಿ ಮಲಗಿದ್ದ ತಾಮ್ರದ ತಂತಿಯನ್ನು ತೋರಿಸಿತು. "ಮೊದಲು ತಂತಿಯಮ್ಮ ನಮ್ಮಿಬ್ಬರನ್ನೂ ಮುಟ್ಟಲಿ."

ಡಬ್ಬಕ್ಕೆ ಮೈಯೆಲ್ಲ ಉರಿಯಿತು. "ಒಂದು ತೊಟ್ಟು ಪೆಟ್ರೋಲು ಹೊರಲಾರದ ಈ ನರಪೇತಲಿಯ ಅಪ್ಪಣೆ ನನಗೇಕೆ? ನಾನು ತಂದಿರುವುದು ಸೋಸಿದ ಪೆಟ್ರೋಲು, ಬೇರೇನೂ ಅಲ್ಲ."

"ಹಾಗಾದರೆ ನನ್ನ ಮುಚ್ಚಳ ತೆರೆಯದು."

ಬಿಸಿಲೇರಿತು. ಬೇರೆ ದಾರಿ ಕಾಣದೆ ಡಬ್ಬ ಒಪ್ಪಿತು. ತಂತಿ ಒಂದು ತುದಿಯಿಂದ ವಿಮಾನದ ಕಾಲನ್ನು ಕಚ್ಚಿ, ಇನ್ನೊಂದನ್ನು ಡಬ್ಬದ ಹಿಡಿಕೆಗೆ ತಾಗಿಸಿತು. ಚಟ್ಟೆಂದು ಕಿಡಿಯೊಂದು ಹಾರಿ ಆರಿತು.

ಡಬ್ಬ ಬೆಚ್ಚಿತು. "ಯಾರದದು?"

"ನಿನ್ನದೇ," ಎಂದಿತು ತಂತಿ. "ದಾರಿಯುದ್ದಕ್ಕೂ ಜೀಪಿನ ಪ್ಲಾಸ್ಟಿಕ್ ಚಾಪೆಗೆ ಮೈ ಉಜ್ಜಿ ಕೂಡಿಸಿಕೊಂಡ ವಿದ್ಯುತ್ತು. ಟ್ಯಾಂಕಿನ ಬಾಯಲ್ಲಿ ಹಾರಿದ್ದರೆ ನಾವು ಮೂವರೂ ಬೂದಿ."

ವಿಮಾನ ಮುಚ್ಚಳ ತೆರೆಯಿತು. ಕೊನೆಯ ತೊಟ್ಟು ಸುರಿಯುವವರೆಗೂ ತಂತಿ ಹಿಡಿತ ಬಿಡಲಿಲ್ಲ. ಡಬ್ಬವೂ ಬಿಡು ಎನ್ನಲಿಲ್ಲ.